ಆರ್ಥಿಕ ಹಿಂಜರಿತ ಮತ್ತು ಆಡಳಿತ ಪಕ್ಷದ ಹೊಣೆಗಾರಿಕೆ

ಉತ್ಪಾದನೆ, ಉದ್ಯೋಗ ಮತ್ತು ವರಮಾನಗಳು ಇಳಿಮುಖವಾದಾಗ ಅದಕ್ಕೆ ಅಧಿಕಾರದಲ್ಲಿರುವ ಪಕ್ಷ ಎಷ್ಟರ ಮಟ್ಟಿಗೆ ಕಾರಣ ಎಂಬುದು ರಾಜಕೀಯ ಅರ್ಥಶಾಸ್ತ್ರದ ಚರ್ಚಾವಿಷಯಗಳಲ್ಲಿ ಒಂದು. ಕರ್ನಾಟಕದಲ್ಲಿ ಈ ಪ್ರಶ್ನೆಗೆ ಹೆಚ್ಚು ದಾಖಲೆಗಳುಳ್ಳ ನಿದರ್ಶನವೆಂದರೆ 2011ರ ನಂತರ ಬಳ್ಳಾರಿ ಸೀಮೆಯ ಗಣಿ ಆಧಾರಿತ ಆರ್ಥಿಕತೆ ಕಂಡ ಕುಸಿತ.

ವ್ಯಾಖ್ಯೆ

ಒಂದು ದೇಶದ ಒಟ್ಟು ಆಂತರಿಕ ಉತ್ಪನ್ನವು ಸತತ ಎರಡು ತ್ರೈಮಾಸಿಕಗಳಲ್ಲಿ ಕುಗ್ಗಿದರೆ ಅದನ್ನು ತಾಂತ್ರಿಕ ಹಿಂಜರಿತ ಎನ್ನುವುದು ರೂಢಿ. ಈ ಅಳತೆಯಂತೆ ಭಾರತವು 2020ರಲ್ಲಿ, ಕೋವಿಡ್ ದಿಗ್ಬಂಧನದ ಬಳಿಕ, ಹಿಂಜರಿತಕ್ಕೆ ಒಳಗಾಯಿತು. ಮೊದಲ ಅಂದಾಜಿನಂತೆ ಉತ್ಪನ್ನವು ಏಪ್ರಿಲ್-ಜೂನ್ ಅವಧಿಯಲ್ಲಿ ಶೇ 23.9ರಷ್ಟು, ನಂತರದ ತ್ರೈಮಾಸಿಕದಲ್ಲಿ ಶೇ 7.5ರಷ್ಟು ಇಳಿದಿತ್ತು. ಅದಕ್ಕೂ ಮೊದಲು ವಾರ್ಷಿಕ ಉತ್ಪನ್ನ ಇಳಿದ 1965-66, 1972-73, 1979-80ರಂಥ ವರ್ಷಗಳು ಬಹುತೇಕ ಬರಗಾಲದ ವರ್ಷಗಳೇ ಆಗಿದ್ದವು. ಜಿಲ್ಲಾ ಮಟ್ಟದಲ್ಲಿ ತ್ರೈಮಾಸಿಕ ಅಂಕಿಅಂಶಗಳು ಪ್ರಕಟವಾಗುವುದಿಲ್ಲ. ಆದುದರಿಂದ ಒಂದು ಸೀಮೆಯ ಕುರಿತು ಹೇಳುವಾಗ ಈ ಪದವನ್ನು ವ್ಯಾಪಾರ ಮತ್ತು ದುಡಿಮೆ ದೀರ್ಘಕಾಲ ಕುಗ್ಗಿದ ಸ್ಥಿತಿ ಎಂಬ ಸಡಿಲ ಅರ್ಥದಲ್ಲಿ ಬಳಸಲಾಗುತ್ತದೆ.

ಪಶ್ಚಿಮ ತಾಲ್ಲೂಕುಗಳು ಮತ್ತು ಮಳೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು, ಹೊಸಪೇಟೆಗಳಿಗೆ ಹೋಲಿಸಿದರೆ ಇಲ್ಲಿ ಬದುಕು ಗಣಿಗಿಂತ ಮಳೆಯನ್ನೇ ಹೆಚ್ಚು ನೆಚ್ಚಿದೆ. ಶೇಂಗಾ, ಮೆಕ್ಕೆಜೋಳ, ಜೋಳದ ಬೆಳೆ ಕೈಕೊಟ್ಟ ವರ್ಷ ಪೇಟೆಯ ವ್ಯಾಪಾರವೂ ಸೊರಗುತ್ತದೆ. ಅದಕ್ಕೆ ಯಾವ ಪಕ್ಷವೂ ಕಾರಣವಲ್ಲವಾದರೂ ಮತದಾರರ ಸಿಟ್ಟು ಅಧಿಕಾರದಲ್ಲಿದ್ದವರತ್ತ ತಿರುಗುವುದುಂಟು.

2001ರಿಂದ 2004ರವರೆಗೆ ರಾಜ್ಯದಲ್ಲಿ ಸತತ ಮೂರು ವರ್ಷ ಬರಗಾಲವಿತ್ತು. ಎಸ್. ಎಂ. ಕೃಷ್ಣ ನೇತೃತ್ವದ ಕಾಂಗ್ರೆಸ್ 2004ರ ಚುನಾವಣೆಯಲ್ಲಿ 132 ಸ್ಥಾನಗಳಿಂದ 65ಕ್ಕೆ ಇಳಿಯಿತು. ಸರ್ಕಾರ ಬೆಂಗಳೂರಿನ ಕಡೆಗೇ ಗಮನ ಹರಿಸಿತೆಂಬ ಭಾವನೆಯೂ ಸೋಲಿಗೆ ಕಾರಣವೆಂದು ಹೇಳಲಾಗುವುದರಿಂದ, ಈ ಫಲಿತಾಂಶವನ್ನು ಮಳೆಯ ಲೆಕ್ಕಕ್ಕೇ ಬರೆಯಲಾಗದು. ಭಾರತದ ವಿಧಾನಸಭಾ ಚುನಾವಣೆಗಳನ್ನು ಪರಿಶೀಲಿಸಿ ಶಾನ್ ಕೋಲ್, ಆಂಡ್ರ್ಯೂ ಹೀಲಿ ಮತ್ತು ಎರಿಕ್ ವರ್ಕರ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಹವಾಮಾನ ಕೆಟ್ಟಾಗ ಮತದಾರರು ಆಡಳಿತ ಪಕ್ಷವನ್ನು ಶಿಕ್ಷಿಸುತ್ತಾರೆ, ಆದರೆ ಸರ್ಕಾರ ಪರಿಹಾರ ಕಾರ್ಯವನ್ನು ಚುರುಕಾಗಿ ನಡೆಸಿದಲ್ಲಿ ಆ ಶಿಕ್ಷೆ ಕಡಿಮೆಯಾಗುತ್ತದೆ ಎಂಬುದು ಅವರ ನಿಷ್ಕರ್ಷೆ. ಅಂದರೆ ಬರ ಬಂದುದಕ್ಕೂ ಬರದಲ್ಲಿ ಸರ್ಕಾರ ನಡೆದುಕೊಂಡ ರೀತಿಗೂ ಇರುವ ವ್ಯತ್ಯಾಸವನ್ನು ಮತದಾರರು ಪೂರ್ತಿಯಾಗಿ ಅಲ್ಲದಿದ್ದರೂ ಒಂದು ಮಟ್ಟಿಗೆ ಗುರುತಿಸುತ್ತಾರೆ.

ಗಣಿ ಏರಿಕೆ ಮತ್ತು ಕುಸಿತ

ಇದೇ ಬರಗಾಲದ ವರ್ಷಗಳಲ್ಲಿ ಚೀನಾದ ಉಕ್ಕು ಉದ್ಯಮದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರತೊಡಗಿತು. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ತನಗಾಗಿ ಕಾಯ್ದಿರಿಸಿಕೊಂಡಿದ್ದ 11,620 ಚದರ ಕಿಲೋಮೀಟರ್ ಖನಿಜ ಪ್ರದೇಶವನ್ನು ಖಾಸಗಿಯವರಿಗೆ ತೆರೆಯಿತು. ಬೇಡಿಕೆ ಹೊರಗಿನಿಂದ ಬಂದದ್ದಾದರೂ ಬಾಗಿಲು ತೆರೆದದ್ದು ಸರ್ಕಾರದ ನಿರ್ಧಾರ. ಮುಂದಿನ ಏಳೆಂಟು ವರ್ಷಗಳಲ್ಲಿ ಕಾಂಗ್ರೆಸ್, ಜೆಡಿಎಸ್ ಮತ್ತು ಬಿಜೆಪಿ ಮೂರೂ ಪಕ್ಷಗಳು ಒಂದಲ್ಲ ಒಂದು ಸಂಯೋಜನೆಯಲ್ಲಿ ಅಧಿಕಾರ ನಡೆಸಿದವು. ನಡುವೆ ಕೆಲಕಾಲ ರಾಷ್ಟ್ರಪತಿ ಆಳ್ವಿಕೆಯೂ ಇತ್ತು. ಅಕ್ರಮ ಗಣಿಗಾರಿಕೆ ಇವುಗಳಲ್ಲಿ ಯಾವುದರ ಕಾಲದಲ್ಲೂ ನಿಲ್ಲಲಿಲ್ಲ.

ಸರ್ಕಾರ 2007ರಲ್ಲಿ ಪ್ರಕರಣವನ್ನು ಲೋಕಾಯುಕ್ತಕ್ಕೆ ಒಪ್ಪಿಸಿತು. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008ರ ಡಿಸೆಂಬರ್‌ನಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಎರಡನೆಯದನ್ನೂ ಸಲ್ಲಿಸಿದರು. ಬೊಕ್ಕಸಕ್ಕಾದ ನಷ್ಟವನ್ನು ಎರಡನೆಯ ವರದಿ ₹16,085 ಕೋಟಿ ಎಂದು ಅಂದಾಜಿಸಿತು. ಅದರ ಬೆನ್ನಿಗೆ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ಆದೇಶವನ್ನು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಸಾರ್ವಜನಿಕ ವಲಯದ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ಅದಿರು ತೆಗೆಯಲು ಅನುಮತಿ ದೊರೆಯಿತು.

ಆದೇಶದ ಪರಿಣಾಮ ಗಣಿ ಮಾಲೀಕರಿಗೆ ಸೀಮಿತವಾಗಲಿಲ್ಲ. ಸಾಲ ಮಾಡಿ ಲಾರಿ ಕೊಂಡವರು, ಚಾಲಕರು, ಕ್ಲೀನರುಗಳು, ದುರಸ್ತಿ ಅಂಗಡಿಯವರು, ಹೆದ್ದಾರಿ ಬದಿಯ ಖಾನಾವಳಿಯವರು ಒಮ್ಮೆಲೇ ಗಿರಾಕಿ ಕಳೆದುಕೊಂಡರು. ಮರುಪಾವತಿ ನಿಂತ ಲಾರಿಗಳು ಸಾಲಗಾರರ ಕೈತಪ್ಪಿದವು. ಇತ್ತ ದೂಳು ಕವಿದ ಹೊಲಗಳ ರೈತರಿಗೆ ಗಣಿ ನಿಂತದ್ದು ನೆಮ್ಮದಿ ತಂದಿತು ಎಂಬುದನ್ನೂ ಗಮನಿಸಬೇಕು. 2013ರ ಏಪ್ರಿಲ್ 18ರ ತೀರ್ಪು ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿ, ಗಂಭೀರ ಉಲ್ಲಂಘನೆಯ ‘ಸಿ’ ವರ್ಗವನ್ನು ರದ್ದುಪಡಿಸಿತು. ಮರುತಿಂಗಳ ಚುನಾವಣೆಯಲ್ಲಿ ಬಿಜೆಪಿ 110ರಿಂದ 40 ಸ್ಥಾನಗಳಿಗೆ ಇಳಿಯಿತು. ಆ ವೇಳೆಗೆ ಪಕ್ಷ ಒಡೆದಿದ್ದುದೂ ಇದಕ್ಕೆ ಮುಖ್ಯ ಕಾರಣ.

ಹೊಣೆಯ ಹಂಚಿಕೆ

ಗಣಿ ನಿಂತದ್ದು ನ್ಯಾಯಾಲಯದ ಆದೇಶದಿಂದ ಎಂಬ ನೆಪದಲ್ಲಿ ಸರ್ಕಾರಗಳನ್ನು ಬಿಟ್ಟುಬಿಡುವ ವಾದ ದುರ್ಬಲವಾದುದು. ಪರವಾನಗಿ ತಪಾಸಣೆ, ಅರಣ್ಯ ಗಡಿ ಗುರುತು, ಸಾಗಣೆ ರಹದಾರಿಗಳ ನಿಯಂತ್ರಣ ರಾಜ್ಯದ ಕೈಯಲ್ಲಿದ್ದವು. ಅವು ಸರಿಯಾಗಿ ನಡೆದಿದ್ದರೆ ಸಾರಾಸಗಟು ತಡೆಯ ಅಗತ್ಯವೇ ಬರುತ್ತಿರಲಿಲ್ಲ. ಆದರೆ ಕುಸಿತವೆಲ್ಲವನ್ನೂ ರಾಜ್ಯದ ತಲೆಗೆ ಕಟ್ಟುವುದೂ ಸರಿಯಲ್ಲ. 2011ರ ಆರಂಭದಲ್ಲಿ ಟನ್ನಿಗೆ ಸುಮಾರು 190 ಡಾಲರ್ ಇದ್ದ ಅಂತರರಾಷ್ಟ್ರೀಯ ಬೆಲೆ 2015ರ ಕೊನೆಗೆ 40 ಡಾಲರಿಗಿಂತ ಕೆಳಗಿಳಿಯಿತು. ನಿಷೇಧ ಇಲ್ಲದಿದ್ದರೂ ಏರಿಕೆಯ ದಿನಗಳು ಅಷ್ಟರಲ್ಲಿ ಮುಗಿಯುತ್ತಿದ್ದವು. ಬಡ್ಡಿದರ, ವಿನಿಮಯ ದರ, ರಫ್ತು ಸುಂಕಗಳು ರಾಜ್ಯದ ಅಧಿಕಾರದಲ್ಲಿಲ್ಲ.

ಅಮೆರಿಕದ ಅಧ್ಯಕ್ಷರ ಅವಧಿಗಳನ್ನು ಹೋಲಿಸಿದ ಅಲನ್ ಬ್ಲೈಂಡರ್ ಮತ್ತು ಮಾರ್ಕ್ ವಾಟ್ಸನ್ (2016) ಡೆಮಾಕ್ರಟಿಕ್ ಪಕ್ಷದ ಕಾಲದಲ್ಲಿ ಬೆಳವಣಿಗೆ ಹೆಚ್ಚಿತ್ತೆಂದು ಕಂಡುಕೊಂಡರೂ, ಆ ಅಂತರದ ದೊಡ್ಡ ಪಾಲಿಗೆ ತೈಲ ಬೆಲೆ, ಉತ್ಪಾದಕತೆಯಂಥ ಅಂಶಗಳೇ ಕಾರಣವೆಂದರು. ಬಳ್ಳಾರಿಯಲ್ಲಿ ಆ ಪಾತ್ರವನ್ನು ಅದಿರಿನ ಬೆಲೆ ವಹಿಸಿತು.

ಒಂದೇ ಪಕ್ಷ ಎರಡೂ ಕಡೆ ಅಧಿಕಾರದಲ್ಲಿದ್ದಾಗಲೂ ಹೊಣೆ ಗುರುತಿಸುವುದು ಸುಲಭವಲ್ಲ. ರಾಜ್ಯದಲ್ಲೂ ಕೇಂದ್ರದಲ್ಲೂ ಬಿಜೆಪಿ ಇದ್ದ 2022ರ ಮೇ 20ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಅದಿರು ರಫ್ತಿಗೆ ಒಪ್ಪಿಗೆ ನೀಡಿತು. ಮರುದಿನವೇ ಕೇಂದ್ರವು ಬೆಲೆ ಏರಿಕೆ ತಡೆಯಲು ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು. ಏರಿಕೆಯನ್ನು ಹಿಂಪಡೆದದ್ದು ನವೆಂಬರ್‌ನಲ್ಲಿ.