ನುಡಿ ಒಂದು, ನಾಡು ಇನ್ನೊಂದು

ಕೊಳ್ಳೇಗಾಲದ ಹಳೆಯ ಮನೆಗಳಲ್ಲಿ ಅಜ್ಜಂದಿರ ಕಾಲದ ದಸ್ತಾವೇಜುಗಳ ಪೆಟ್ಟಿಗೆಯನ್ನು ತೆರೆದವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಮನೆಯವರ ಮಾತು ಕನ್ನಡ. ಕಾಗದದ ಮೇಲಿರುವುದು ಕೊಯಮತ್ತೂರು ಜಿಲ್ಲೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆ ಇಂಗ್ಲಿಷರ ಪಾಲಿಗೆ ಬಂದು ಮದರಾಸು ಪ್ರಾಂತಕ್ಕೆ ಸೇರಿತು. ಮಗ್ಗುಲಲ್ಲೇ ಇರುವ ಯಳಂದೂರು ಮೈಸೂರಿನಲ್ಲಿ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಯಿತು. ನುಡಿ ಒಂದೇ, ದೊರೆತನ ಎರಡು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಾಗ ಬದಲಾದದ್ದು ನಾಡಿನ ಹೆಸರೇ ಹೊರತು ಮನೆಯ ಮಾತಲ್ಲ.

ಈ ಹಳೆಯ ಸಂಗತಿ ನನಗೆ ನೆನಪಾದದ್ದು ಕಂಪ್ಯೂಟರಿನ ಮುಂದೆ ಎಂದರೆ ವಾಚಕರು ನಗಬಹುದು. ಕನ್ನಡದ ಮೇಷ್ಟರಾದ ನಾನು ವಿದ್ಯಾರ್ಥಿಯೊಬ್ಬನ ಒತ್ತಾಯಕ್ಕೆ ಮಣಿದು, ಯೂನಿಕ್ಸ್ ವಂಶದ ಲಿನಕ್ಸ್ ವ್ಯವಸ್ಥೆಗೆ ಕನ್ನಡ ಕಲಿಸಲು ಕುಳಿತಿದ್ದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್‌ಗೆ ಮೊದಲು ಗೊತ್ತಿದ್ದದ್ದು ಇಂಗ್ಲಿಷೊಂದೇ. ಬೇರೆ ನುಡಿಗಳವರ ರೂಢಿಗೂ ಸ್ಥಳ ಬೇಕೆಂದು, 1989ರ ಸಿ ಭಾಷೆಯ ಮಾನಕದಲ್ಲಿ ‘ಲೊಕೇಲ್’ ಎಂಬ ಏರ್ಪಾಡು ಸೇರಿತು. ಇಂದಿನ ಲೊಕೇಲಿನ ಹೆಸರಿನಲ್ಲಿ ಎರಡು ಭಾಗ: ಮೊದಲು ನುಡಿಯ ಸಂಕೇತ, ಅಡಿಗೆರೆಯ ಆಚೆ ನಾಡಿನ ಸಂಕೇತ. ನಮ್ಮದು ‘ಕೆಎನ್’, ಅಡಿಗೆರೆ, ‘ಐಎನ್’. ಅಂದರೆ ಕನ್ನಡ, ಭಾರತ. ನುಡಿಯೂ ನಾಡೂ ಬೇರೆ ಬೇರೆ ಎಂಬುದನ್ನು ಯಂತ್ರ ಒಪ್ಪಿಕೊಳ್ಳುವ ಮೊದಲೇ ನಮ್ಮ ಸೀಮೆ ನೂರೈವತ್ತು ವರ್ಷಕ್ಕೂ ಮೀರಿ ಅನುಭವಿಸಿತ್ತು.

ಕೆಲಸವೇನೂ ಕಷ್ಟದ್ದಲ್ಲ. ಡೆಬಿಯನ್ ಬಗೆಯ ಲಿನಕ್ಸಿನಲ್ಲಿ ‘ಲೊಕೇಲ್ ಜೆನ್’ ಎಂಬ ಕಡತವಿದೆ. ಅದರಲ್ಲಿ ಹಲವು ನುಡಿಗಳು ಸಾಲಾಗಿ, ತಲೆಗೊಂದು ಹ್ಯಾಷ್ ಗುರುತು ಹೊದ್ದು ಮಲಗಿರುತ್ತವೆ. ಕನ್ನಡದ ಸಾಲಿನ ಗುರುತನ್ನು ಅಳಿಸಿ, ಆ ಕಡತದ ಹೆಸರಿನದೇ ಆಜ್ಞೆಯನ್ನು ಕೊಟ್ಟರೆ ನುಡಿ ಎಚ್ಚರಗೊಳ್ಳುತ್ತದೆ. ಬಳಿಕ ‘ಲ್ಯಾಂಗ್’ ಎಂಬ ಚರಕ್ಕೆ ಆ ಲೊಕೇಲಿನ ಹೆಸರನ್ನು ಕೊಡಬೇಕು. ವಾರ ತಿಂಗಳುಗಳ ಹೆಸರು, ಅಕಾರಾದಿ ಕ್ರಮ, ಹಣದ ಗುರುತು, ಲಕ್ಷ ಕೋಟಿಗಳ ಅಲ್ಪವಿರಾಮ ಇವನ್ನು ಬೇಕೆಂದರೆ ಪ್ರತ್ಯೇಕವಾಗಿ ಹೊಂದಿಸಲು ‘ಎಲ್‌ಸಿ’ ಎಂದು ತೊಡಗುವ ಬೇರೆ ಬೇರೆ ಚರಗಳುಂಟು. ಅವುಗಳಲ್ಲಿ ‘ಎಲ್‌ಸಿ ಆಲ್’ ಎಂಬುದು ಸರ್ವಾಧಿಕಾರಿ. ಅದು ಗದ್ದುಗೆಯೇರಿದರೆ ಉಳಿದವರ ಮಾತು ನಡೆಯದು.

ತಾರೀಖು ಕೇಳಿದೆ. ಯಂತ್ರ ವಾರದ ಹೆಸರನ್ನು ಕನ್ನಡದಲ್ಲಿ ಹೇಳಿತು. ನಾನು ಹಿಗ್ಗಿದೆ.

ಪಕ್ಕದಲ್ಲಿದ್ದ ವಿದ್ಯಾರ್ಥಿ ಯಳಂದೂರಿನ ಮೇಲಿನ ಬಿಳಿಗಿರಿರಂಗನ ಬೆಟ್ಟದವನು, ಸೋಲಿಗರ ಹುಡುಗ. “ನಮ್ಮ ಸಾಲು ಎಲ್ಲಿದೆ ಸಾರ್?” ಎಂದ.

ಇಬ್ಬರೂ ಹುಡುಕಿದೆವು. ಟಿಬೆಟನ್ ನುಡಿಗೆ ಎರಡು ಸಾಲು ಕಂಡವು: ಒಂದರಲ್ಲಿ ನಾಡು ಚೀನಾ, ಇನ್ನೊಂದರಲ್ಲಿ ಭಾರತ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟನ್ನರ ಮಾತಿಗೆ ಹೀಗೆ ಸ್ಥಳ ದೊರೆತದ್ದು ಸಂತೋಷವೇ. ಆದರೆ ಅದೇ ಹನೂರಿನ ಮಲೆಯಲ್ಲೂ ಬಿಳಿಗಿರಿಯಲ್ಲೂ ತಲೆತಲಾಂತರದಿಂದ ಬಾಳಿದ ಸೋಲಿಗರ ನುಡಿಗೆ ಒಂದು ಸಾಲೂ ಇರಲಿಲ್ಲ. ಲೋಕದ ಭಾಷೆಗಳ ಪಟ್ಟಿಯಲ್ಲಿ ಅದಕ್ಕೆ ‘ಎಸ್‌ಎಲ್‌ಇ’ ಎಂಬ ಮೂರಕ್ಷರದ ಸಂಕೇತವುಂಟು. ಸಂಕೇತವೊಂದೇ ಸಾಲದು. ಏಳು ವಾರ, ಹನ್ನೆರಡು ತಿಂಗಳು, ಹೌದು, ಅಲ್ಲ ಎಂಬವನ್ನು ಯಾರಾದರೂ ಕುಳಿತು ಬರೆದು ಕಳಿಸಬೇಕು.

ಮದರಾಸಿನ ಕಚೇರಿಗಳಲ್ಲಿ ನಮ್ಮ ಹಿರಿಯರ ನುಡಿ ಮೂಲೆಗೆ ಬಿದ್ದದ್ದನ್ನು ತರಗತಿಯಲ್ಲಿ ಆವೇಶದಿಂದ ಹೇಳಿದವನು ನಾನು. ಬೆಟ್ಟದ ನೆರೆಯವರ ನುಡಿಯನ್ನು ಅದುವರೆಗೆ ಒಮ್ಮೆಯೂ ವಿಚಾರಿಸಿರಲಿಲ್ಲ. 1956ರಲ್ಲಿ ನಮ್ಮ ನಾಡಿನ ಹೆಸರನ್ನು ತಿದ್ದಿಕೊಟ್ಟದ್ದು ಸರಕಾರ. ನುಡಿಯ ಸಾಲನ್ನು ಆಡುವವರೇ ಬರೆದುಕೊಳ್ಳಬೇಕು, ಬಲ್ಲವರು ಜೊತೆಗೆ ಕೂರಬೇಕು.

ಹುಡುಗನ ಕೈಗೆ ಒಂದು ನೋಟ್ ಪುಸ್ತಕ ಕೊಟ್ಟು, “ಅಜ್ಜಿಯನ್ನು ಕೇಳಿ ಬರೆದುಕೊಂಡು ಬಾ, ಮಿಕ್ಕದ್ದನ್ನು ಇಬ್ಬರೂ ಕೂತು ನೋಡೋಣ” ಎಂದೆ. ಅವನು ಮೊದಲ ಪುಟದ ಮೇಲೆ ತನ್ನ ನುಡಿಯ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡ.