ನೂಲಿಲ್ಲದ ಬೆಸುಗೆ: ಶ್ರೀರಂಗಪಟ್ಟಣದ ಯುದ್ಧವೂ ಕಲೆಯಡಗಿಸುವ ಶಸ್ತ್ರವಿದ್ಯೆಯೂ

ಎತ್ತುಗಳ ಕಸುವಿನ ಮೇಲೆ ಯುದ್ಧದ ಜಯಾಪಜಯಗಳು ನಿಂತಿದ್ದ ಕಾಲವದು. 1791ರ ಮೇ ತಿಂಗಳಿನಲ್ಲಿ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿಯೂ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತಲಾರದೆ, ಎತ್ತುಗಳು ಸತ್ತುಬಿದ್ದುದರಿಂದ ಎಳೆಯಲಾಗದ ಭಾರಿ ತೋಪುಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದನು. ಈಗಿನ ಪಾಂಡವಪುರ ತಾಲ್ಲೂಕಿಗೆ ಸೇರಿದ ಮೇಲುಕೋಟೆಯ ಸಮೀಪದಲ್ಲಿ ಮರಾಠರ ದಂಡು ಬಂದು ಕೂಡಿಕೊಳ್ಳದಿದ್ದರೆ ಅವನ ಸೈನ್ಯವು ಹಸಿವಿನಿಂದಲೇ ನಶಿಸುತ್ತಿತ್ತೇನೋ. ನಾಗಮಂಗಲ, ಕೃಷ್ಣರಾಜಪೇಟೆಗಳ ಸೀಮೆಯಲ್ಲಿ ಹಳ್ಳಿಕಾರ್ ರಾಸುಗಳನ್ನು ಕಟ್ಟಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತು ಹೊಡೆಯುವವನನ್ನು ಸೆರೆಹಿಡಿದರೆ ತೋಪನ್ನೇ ನಿಲ್ಲಿಸಿದಂತೆ.

ಅಂತಹ ಒಬ್ಬ ಮರಾಠಾ ಒಕ್ಕಲಿಗನು, ಕಾವಾಸ್‌ಜಿಯೆಂಬವನು, ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದು, 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿಯಲ್ಲಿದ್ದ ಮುಂಬಯಿ ಸೈನ್ಯವನ್ನು ಸೇರಿದನು. ಒಂದು ವರ್ಷಕ್ಕೂ ಮಿಗಿಲಾಗಿ ಮೂಗಿಲ್ಲದೆಯೇ ಬಾಳಿದ ಅವನಿಗೆ ಪುಣೆಯ ಬಳಿಯ ಇಟ್ಟಿಗೆ ಮಾಡುವ ಕುಲದವನೊಬ್ಬನು ಹೊಸ ಮೂಗನ್ನು ಕಟ್ಟಿದ ವೃತ್ತಾಂತವು 1794ರ ಅಕ್ಟೋಬರಿನ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ವೃತ್ತಾಂತದ ಪ್ರಕಾರ ವೈದ್ಯನು ಮೊದಲು ತೆಳುವಾದ ಮೇಣದ ಹಾಳೆಯಿಂದ ಮೂಗಿನ ಆಕಾರವನ್ನು ಮಾಡಿ, ಅದನ್ನು ಚಪ್ಪಟೆಯಾಗಿ ಹಣೆಯ ಮೇಲಿಟ್ಟು, ಸುತ್ತಲೂ ಗೆರೆ ಎಳೆದು, ಆ ಗೆರೆಯೊಳಗಿನ ಚರ್ಮವನ್ನು ಬಿಡಿಸುತ್ತಿದ್ದನು. ಎರಡು ಕಣ್ಣುಗಳ ನಡುವಿನ ಒಂದು ಎಳೆಯನ್ನು ಮಾತ್ರ, ರಕ್ತಸಂಚಾರವು ನಿಲ್ಲದಂತೆ, ಕತ್ತರಿಸದೆ ಉಳಿಸುತ್ತಿದ್ದನು. ಹಳೆಯ ಗಾಯದ ಅಂಚನ್ನು ಹೆರೆದು, ಸೀಳು ತೆಗೆದು, ಹಣೆಯ ಚರ್ಮವನ್ನು ಅರೆಸುತ್ತು ತಿರುಗಿಸಿ ಆ ಸೀಳಿನೊಳಕ್ಕೆ ಸೇರಿಸುವನು. ಸೂಜಿಯಿಲ್ಲ, ದಾರವಿಲ್ಲ! ನೀರಿನಲ್ಲಿ ಮೆದುಮಾಡಿದ ಕಾಚನ್ನು, ನಮ್ಮ ಎಲೆಯಡಿಕೆಯ ಅದೇ ಕಾಚನ್ನು, ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರನ್ನು ಒಂದರ ಮೇಲೊಂದು ಹಾಸುವನು. ನಾಲ್ಕು ದಿನಗಳಾದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ; ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಎಳೆಯ ಛೇದನ.

ಹೊಲಿಗೆಯ ವಿದ್ಯೆ ನಮ್ಮಲ್ಲಿ ಇಲ್ಲದಿರಲಿಲ್ಲ. ಸುಶ್ರುತ ಸಂಹಿತೆಯು ವೇಲ್ಲಿತಕ, ಗೋಫಣಿಕಾ, ತುನ್ನಸೇವನೀ, ಋಜುಗ್ರಂಥಿ ಎಂಬ ನಾಲ್ಕು ಬಗೆಯ ಸೀವನಗಳನ್ನೂ, ಮಾಂಸ ಕಡಿಮೆಯಿರುವಲ್ಲಿಗೆ ಎರಡಂಗುಲದ ದುಂಡು ಸೂಜಿಯನ್ನೂ, ಮಾಂಸಲವಾದಲ್ಲಿಗೆ ಮೂರಂಗುಲದ ಮುಮ್ಮೂಲೆಯ ಸೂಜಿಯನ್ನೂ ವಿಧಿಸುತ್ತದೆ. ಹೊಲಿಗೆಯು ಅಂಚಿಗೆ ತೀರ ದೂರವೂ ತೀರ ಹತ್ತಿರವೂ ಆಗಕೂಡದೆಂದು, ದೂರವಾದರೆ ನೋವೂ ಹತ್ತಿರವಾದರೆ ಹರಿಯುವಿಕೆಯೂ ಉಂಟಾಗುವುವೆಂದು ಎಚ್ಚರಿಸುತ್ತದೆ. ಮೂಗಿಗೆ ಅದು ಹೇಳುವ ಚರ್ಮವು ಕೆನ್ನೆಯದು. ಪುಣೆಯವನು ತೆಗೆದುದು ಹಣೆಯದು. ಗಾಯ ಮಾಗಿದ ಮೇಲೆ ಅಲ್ಲಿಯ ಚರ್ಮಕ್ಕೆ ಸಹಜವರ್ಣವನ್ನು ತರುವ ಉಪಾಯಗಳನ್ನೂ ಚಿಕಿತ್ಸೆಯ ಅಂಗವೆಂದೇ ಎಣಿಸಿದ ಆ ಶಾಸ್ತ್ರಕಾರರ ಕಾರುಣ್ಯವು ನನಗೆ ಅವರ ಕೌಶಲಕ್ಕಿಂತಲೂ ದೊಡ್ಡದಾಗಿ ತೋರುತ್ತದೆ.

ಎರಡನ್ನೂ ತೂಗಿ ನೋಡಿದರೆ ನನ್ನ ನಿರ್ಣಯವಿದು: ಕಲೆಯನ್ನು ಹಿಗ್ಗಿಸುವುದು ಮುಖ್ಯವಾಗಿ ಗಾಯದ ಅಂಚುಗಳ ಸೆಳೆತ. ಬಿಗಿದ ದಾರವು ಚರ್ಮದ ಮೇಲೆ ಬಹುದಿನ ಉಳಿದರೆ ಗಾಯದ ಗೆರೆಯ ಇಬ್ಬದಿಗೂ ಏಣಿಯ ಮೆಟ್ಟಿಲಿನಂತಹ ಗುರುತುಗಳು ನಿಲ್ಲುತ್ತವೆ. ಆದುದರಿಂದಲೇ ಇಂದಿನ ವೈದ್ಯರು ಮುಖದ ಹೊಲಿಗೆಯನ್ನು ಐದಾರು ದಿನಗಳಲ್ಲಿ ಬಿಚ್ಚುವುದು, ಕರಗುವ ನೂಲಿನಿಂದ ಒಳಪದರವನ್ನು ಮೊದಲು ಕೂಡಿಸಿ ಮೇಲ್ಚರ್ಮದ ಭಾರವನ್ನು ಇಳಿಸುವುದು, ಸೆಳೆತವಿಲ್ಲದ ಚಿಕ್ಕ ಗಾಯಗಳಿಗೆ ಅಂಟನ್ನೇ ಬಳಸುವುದು. ಕಾಚಿನ ಪಟ್ಟಿಯು ಸಾಲುವಂತಾದುದು ಹಣೆಯ ಚರ್ಮವು ಸಡಿಲವಾಗಿ, ಜೀವಂತವಾಗಿ ತನ್ನ ಎಡೆಗೆ ಬಂದುದರಿಂದ. ಅದೇ ಕಾಚು ಬಿಗಿದೆಳೆದ ಹೊಟ್ಟೆಯ ಗಾಯವನ್ನು ಹಿಡಿದಿಡಲಾರದು.

ಲಂಡನ್ನಿನ ಜೋಸೆಫ್ ಕಾರ್ಪ್ಯೂ ಈ ಭಾರತೀಯ ವಿಧಾನವನ್ನು 1814ರಲ್ಲಿ ಪ್ರಯೋಗಿಸಿ, 1816ರಲ್ಲಿ ತನ್ನ ಎರಡು ಚಿಕಿತ್ಸೆಗಳ ವಿವರವನ್ನು ಪ್ರಕಟಿಸಿದನು. ಹಣೆಯ ಕಲೆಯು ಕಾಲಾಂತರದಲ್ಲಿ ಅಷ್ಟಾಗಿ ಕಾಣದೆಂದೂ, ಈ ಚಿಕಿತ್ಸೆ ಎಂದೂ ವಿಫಲವಾಗದೆಂದೂ ಪತ್ರಿಕೆಯ ಲೇಖಕನು ಬರೆದುದರಲ್ಲಿ ಎರಡನೆಯ ಮಾತನ್ನು ನಾನು ನಂಬಲಾರೆ. ಮೊದಲನೆಯದಕ್ಕೆ ಮಾತ್ರ, ಜೇಮ್ಸ್ ವೇಲ್ಸನು ಬರೆದ ಕಾವಾಸ್‌ಜಿಯ ಚಿತ್ರದಲ್ಲಿ, ರುಮಾಲಿನ ಕೆಳಗಿನ ಆ ಹಣೆಯನ್ನು ಓದುಗರು ತಾವೇ ನೋಡಬಹುದು.