ಅನೋಕಾದ ಹ್ಯಾಲೋವೀನ್, ರಾಯಚೂರು ಸೀಮೆಯ ಜೋಕುಮಾರ

ಮಿನಿಯಾಪೊಲಿಸ್‌ನಿಂದ ಮಿಸಿಸಿಪ್ಪಿಯ ಗುಂಟ ಉತ್ತರಕ್ಕೆ ಹೊರಟರೆ, ರಮ್ ನದಿ ಬಂದು ಅದನ್ನು ಕೂಡುವಲ್ಲಿ, ಅಮೆರಿಕದ ಮಿನ್ನೆಸೋಟ ರಾಜ್ಯದ ಅನೋಕಾ ಊರಿದೆ. ಅಕ್ಟೋಬರ್ ಬಂತೆಂದರೆ ಮನೆಮನೆಯ ಅಂಗಳದಲ್ಲಿ ಕುಂಬಳಕಾಯಿ, ಅಸ್ಥಿಪಂಜರ, ಮಾಟಗಾತಿಯ ಬೊಂಬೆ. ಜಗತ್ತಿನ ಹ್ಯಾಲೋವೀನ್ ರಾಜಧಾನಿ ಎಂಬ ಬಿರುದು ಈ ಊರಿಗಿದೆ. ಆ ಬಿರುದಿನ ಹಿಂದಿರುವುದು ದೆವ್ವದ ಕಥೆಯಲ್ಲ, ಪುಂಡ ಹುಡುಗರ ಕಥೆ.

1919ರ ಹ್ಯಾಲೋವೀನ್ ಕಳೆದ ಬೆಳಿಗ್ಗೆ ಊರವರು ಎದ್ದು ನೋಡಿದರೆ ದನಗಳು ಮುಖ್ಯ ಬೀದಿಯಲ್ಲಿ ಅಡ್ಡಾಡುತ್ತಿದ್ದವಂತೆ, ಬಂಡಿಗಳು ಮಾಡು ಏರಿ ಕೂತಿದ್ದವಂತೆ. ಹಿತ್ತಲ ಪಾಯಖಾನೆಗಳನ್ನು ಉರುಳಿಸಿದ್ದರಂತೆ. ಪೊಲೀಸರಿಗೆ ಹೇಳಿ ಹುಡುಗರನ್ನು ಹಿಡಿಸಬಹುದಿತ್ತು. ಆದರೆ ಊರಿನ ಜಾರ್ಜ್ ಗ್ರೀನ್ ಮತ್ತು ಇತರ ಹಿರಿಯರು ಕೂತು ಬೇರೆಯೇ ದಾರಿ ಹುಡುಕಿದರು: ಆ ರಾತ್ರಿ ಹುಡುಗರ ಕೈಗೆ ಬೇರೆ ಕೆಲಸ ಕೊಡೋಣ. 1920ರಲ್ಲಿ ಮೆರವಣಿಗೆ ಹೊರಟಿತು. ಮಕ್ಕಳಿಗೆ ಪಾಪ್‌ಕಾರ್ನ್, ಶೇಂಗಾ, ಮಿಠಾಯಿ ಹಂಚಿದರು. ಕೊನೆಗೆ ದೊಡ್ಡ ಬೆಂಕಿ ಹಾಕಿ ಎಲ್ಲರೂ ಸುತ್ತ ನೆರೆದರು. 1937ರಲ್ಲಿ ಹೆರಾಲ್ಡ್ ಬ್ಲೇರ್ ಎಂಬ 12 ವರ್ಷದ ಹುಡುಗ ಊರಿನ ಬಿರುದಿನ ಪತ್ರ ಹಿಡಿದು ವಾಷಿಂಗ್ಟನ್ನಿಗೆ ಹೋಗಿ ಬಂದ. ಯುದ್ಧದ 1942, 1943ರಲ್ಲಿ ಮಾತ್ರ ಹಬ್ಬ ನಿಂತಿತ್ತು. ಊರಿಗೇ ತಲೆನೋವಾದ ಮಕ್ಕಳನ್ನು ಬೈದು ಮನೆಯೊಳಗೆ ಕೂರಿಸದೆ ಮೆರವಣಿಗೆಯ ಮುಂದೆ ನಿಲ್ಲಿಸಿದ ಆ ಹಿರಿಯರ ಬಗ್ಗೆ ನನಗೆ ತುಂಬು ಗೌರವವಿದೆ.

ಹಬ್ಬದ ಬೇರು ಮಾತ್ರ ಅಮೆರಿಕದ್ದಲ್ಲ. ಐರ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ಸೌವಿನ್ ಎಂಬ ಹಬ್ಬವಿತ್ತು. ಬೇಸಿಗೆಯ ಹುಲ್ಲುಗಾವಲಿನಿಂದ ದನಗಳನ್ನು ಹಟ್ಟಿಗೆ ಹೊಡೆದು ತರುವ ಕಾಲ. ಆ ರಾತ್ರಿ ಸತ್ತವರ ಲೋಕದ ಬಾಗಿಲು ತೆರೆದಿರುತ್ತದೆ ಎಂದು ಜನ ನಂಬಿದ್ದರು. ಮುಂದೆ ಕ್ರೈಸ್ತ ಧರ್ಮ ನವೆಂಬರ್ 1ನ್ನು ಎಲ್ಲ ಸಂತರ ದಿನವೆಂದೂ, 2ನ್ನು ಗತಿಸಿದವರೆಲ್ಲರ ದಿನವೆಂದೂ ಇಟ್ಟುಕೊಂಡಿತು. ಸತ್ತವರ ಹೆಸರಿನಲ್ಲಿ ಬಡವರು, ಮಕ್ಕಳು ಮನೆಮನೆಗೆ ಹೋಗಿ ಸಣ್ಣ ರೊಟ್ಟಿ ಬೇಡುವ ಪದ್ಧತಿ ಇಂಗ್ಲೆಂಡಿನಲ್ಲಿತ್ತು. ಆಲೂಗಡ್ಡೆ ಬೆಳೆ ಕೊಳೆತು 1845ರಿಂದ ಬರ ಬಿದ್ದಾಗ ಲಕ್ಷಗಟ್ಟಲೆ ಐರಿಷ್ ಜನ ಹಡಗು ಹತ್ತಿ ಇತ್ತ ಬಂದರು. ಅಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪವಿಡುತ್ತಿದ್ದವರಿಗೆ ಇಲ್ಲಿ ದಪ್ಪ ಕುಂಬಳಕಾಯಿ ಸಿಕ್ಕಿತು. ಎರಡನೆಯ ಮಹಾಯುದ್ಧದ ಸಕ್ಕರೆ ರೇಷನ್ 1947ರಲ್ಲಿ ಮುಗಿದ ಮೇಲೆ, ವೇಷ ಹಾಕಿದ ಮಕ್ಕಳು ಬಾಗಿಲು ಬಡಿದು ಮಿಠಾಯಿ ಕೇಳುವ ಪದ್ಧತಿ ದೇಶದ ತುಂಬ ಬೇರೂರಿತು.

ನಾವಿರುವ ಈ ಮಿನ್ನೆಸೋಟದ ಹಳಬರನ್ನು ಕೇಳಿದರೆ 1991ರ ಹ್ಯಾಲೋವೀನ್ ಹಿಮಬಿರುಗಾಳಿಯ ಮಾತು ತೆಗೆಯುತ್ತಾರೆ. ಅಕ್ಟೋಬರ್ 31ಕ್ಕೆ ಶುರುವಾಗಿ ನವೆಂಬರ್ 3ರೊಳಗೆ ಮಿನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ನಗರಗಳ ಮೇಲೆ 28.4 ಅಂಗುಲ ಹಿಮ ಸುರಿಯಿತು. ವೇಷದ ಮೇಲೆ ದಪ್ಪ ಕೋಟು ಹಾಕಿಕೊಂಡು ಮಿಠಾಯಿಗೆ ಹೊರಟ ಮಕ್ಕಳು ಈಗ ನಮ್ಮ ಆಫೀಸುಗಳಲ್ಲಿ ಜೊತೆಗೆ ಕೆಲಸ ಮಾಡುತ್ತಾರೆ.

ಇಲ್ಲಿಗೆ ಬಂದ ನಮ್ಮ ಕನ್ನಡಿಗರಲ್ಲಿ ಕೆಲವರು ದೆವ್ವದ ಹಬ್ಬ ನಮಗ್ಯಾಕೆ ಎನ್ನುತ್ತಾರೆ. ನಾನು ರಾಯಚೂರು ತಾಲೂಕಿನ ಚಂದ್ರಬಂಡದ ಕಡೆಯವನು. ನಮ್ಮ ಸೀಮೆಯ ಭಾದ್ರಪದ ಬಲ್ಲವರು ಹಾಗನ್ನಲಾರರು. ಚೌತಿಗೆ ಬಂದ ಗಣಪ್ಪ ಹೋದ ಮೇಲೆ, ಅಷ್ಟಮಿಯ ಹೊತ್ತಿಗೆ ಕುಂಬಾರರ ಮನೆಯಲ್ಲಿ ಹಸಿಮಣ್ಣಿನ ಜೋಕುಮಾರ ಹುಟ್ಟುತ್ತಾನೆ. ಅಗಲ ಮುಖ, ದೊಡ್ಡ ಮೀಸೆ, ತುಟಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಅಂಬಿಗೇರ, ಬಾರಿಕೇರ ಹೆಣ್ಣುಮಕ್ಕಳು ಅವನನ್ನು ಬುಟ್ಟಿಯಲ್ಲಿಟ್ಟು ಹೊತ್ತು ಓಣಿ ಓಣಿ ತಿರುಗುತ್ತಾರೆ. ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಸುತ್ತ ಕೂತು ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಸಜ್ಜೆ, ಉಪ್ಪು, ಮೆಣಸಿನಕಾಯಿ ತಂದು ನೀಡುತ್ತಾರೆ. ಬದಲಿಗೆ ಸಿಗುವ ಬೇವಿನ ಎಲೆ, ನುಚ್ಚನ್ನು ರೈತರು ಹೊಲಕ್ಕೆ ಚೆಲ್ಲುತ್ತಾರೆ. ಕಡುಬು ತಿಂದು ಹೋದ ಗಣಪ್ಪ ಭೂಲೋಕದಲ್ಲಿ ಎಲ್ಲ ಸುಖವೆಂದು ಶಿವನಿಗೆ ಹೇಳುತ್ತಾನಂತೆ. ಒಣಗಿದ ಹೊಲ, ಹಸಿದ ಹೊಟ್ಟೆ ಕಂಡು ಹೋಗಿ ನಿಜ ಹೇಳುವವನು ಜೋಕುಮಾರ, ಅವನ ಮಾತಿನಿಂದಲೇ ಮಳೆ. ಮಳೆಯನ್ನೇ ನಂಬಿದ ಎರೆಹೊಲದವರಿಗೆ ಇವನು ಎಷ್ಟು ಹತ್ತಿರದ ದೇವರೆಂದು ಬೇರೆ ಹೇಳಬೇಕಿಲ್ಲ.

ಆದರೆ ಅವನ ಆಯುಷ್ಯ ಏಳೇ ದಿನ. ಅನಂತನ ಹುಣ್ಣಿಮೆಯ ರಾತ್ರಿ ಅವನನ್ನು ಕೊಂದು ಹಳ್ಳಕ್ಕೆ ಹಾಕುತ್ತಾರೆ. ಅವನು ನರಳುವ ದನಿ ಕೇಳಿದವರು ಬದುಕುವುದಿಲ್ಲವೆಂದು ಆ ರಾತ್ರಿ ಹಳ್ಳದ ಕಡೆ ಯಾರೂ ಸುಳಿಯುವುದಿಲ್ಲ. ಅಗಸರು ಕೆಲವು ದಿನ ಬಟ್ಟೆ ಒಗೆಯಲೂ ಅಲ್ಲಿಗೆ ಇಳಿಯುವುದಿಲ್ಲ. ಮರುದಿನದಿಂದಲೇ ಪಿತೃಪಕ್ಷ. ಮಾನೌಮಿ ಅಮಾಸಿಯವರೆಗೆ ಮನೆಯ ಹಿರಿಯರಿಗೆ ಎಡೆ. ಹೊಲ, ಸಾವು, ಹಿರಿಯರು, ಮನೆಬಾಗಿಲಿಗೆ ಬಂದವರಿಗೆ ಕೊಡುವುದು, ಕತ್ತಲ ಭಯ: ಐರಿಷ್ ರೈತ ಚಳಿಗಾಲದ ಹೊಸ್ತಿಲಲ್ಲಿ ಮಾಡಿಕೊಂಡಿದ್ದನ್ನು ನಮ್ಮ ಸೀಮೆಯ ರೈತ ಮಳೆಗಾಲದ ತುದಿಯಲ್ಲಿ ಮಾಡಿಕೊಂಡಿದ್ದಾನೆ. ಒಬ್ಬರಿಂದ ಒಬ್ಬರು ಕಲಿತದ್ದಲ್ಲ, ಬೆಳೆ ನಂಬಿದವರ ಮನಸ್ಸು ಎಲ್ಲೆಡೆಯೂ ಹೀಗೇ ನಡೆಯುತ್ತದೆ ಎಂದು ನನ್ನ ತಿಳಿವಳಿಕೆ.

ಒಂದು ವ್ಯತ್ಯಾಸ ನನ್ನನ್ನು ಕಾಡುತ್ತದೆ. ಅನೋಕಾ ತನ್ನ ಹಬ್ಬವನ್ನು ಮಕ್ಕಳ ಕೈಗೆ ಕೊಟ್ಟಿತು. ಶಾಲಾಮಕ್ಕಳಿಗೆಂದೇ ಅಲ್ಲಿ ಇವತ್ತಿಗೂ ಒಂದು ಮೆರವಣಿಗೆ ಇದೆ. ಜೋಕುಮಾರನ ಹಾಡುಗಳು ಮಾತ್ರ ಬುಟ್ಟಿ ಹೊರುವ ಹೆಣ್ಣುಮಕ್ಕಳ ನಾಲಿಗೆಯ ಮೇಲೇ ಹೆಚ್ಚಾಗಿ ಉಳಿದಿವೆ. ಆ ಮನೆಗಳ ಹುಡುಗಿಯರು ಈಗ ಕಾಲೇಜಿಗೆ ಹೋಗುತ್ತಾರೆ, ಹೋಗಲೇಬೇಕು. ಬುಟ್ಟಿ ಹೊರುವುದನ್ನು ಮುಂದುವರಿಸಿ ಎಂದು ದೂರದಲ್ಲಿ ಕೂತು ಹೇಳುವ ಹಕ್ಕು ನಮಗಿಲ್ಲ. ಹಾಡುಗಳನ್ನು, ಅವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ ಉಳಿಸುವ ಕೆಲಸವನ್ನಂತೂ ಮಾಡಬಹುದು.

ರಾಯಚೂರು, ದೇವದುರ್ಗ, ಮಾನ್ವಿ, ಕೊಪ್ಪಳ, ಬಳ್ಳಾರಿ ಕಡೆಯಿಂದ ಇಲ್ಲಿಗೆ ಬಂದವರಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಓಣಿಯ ಹಾಡುವ ಅಮ್ಮಂದಿರ ಹತ್ತಿರ ಕೂತು, ಮೊಬೈಲಿನಲ್ಲಿ ಒಂದು ಹಾಡಾದರೂ ಹಿಡಿದು ತನ್ನಿ. ಈ ಅಕ್ಟೋಬರ್ 31ರ ಸಂಜೆ ಬಾಗಿಲ ದೀಪ ಹಚ್ಚಿಡಿ, ಬಂದ ಮಕ್ಕಳಿಗೆ ಕೈತುಂಬ ಕೊಡಿ, ನಿಮ್ಮ ಮಕ್ಕಳಿಗೆ ಜೋಕುಮಾರನ ಕಥೆ ಹೇಳಿ.